ಅಜ್ಜ ಬೈರೂತ್‌ನಿಂದ ತಂದ ‘ಅಲೆಕ್ಸಾಂಡರನ ಚಿನ್ನ’: ಅಸಲಿಯೋ, ನಕಲಿಯೋ?

ಪ್ರಶ್ನೆ: ನನ್ನ ತಾಯಿಯ ತಂದೆ ಹಡಗಿನಲ್ಲಿ ಕೆಲಸಕ್ಕಿದ್ದರು. 1950ರ ದಶಕದ ಕೊನೆಯಲ್ಲಿ ಬೈರೂತ್‌ನ ಪೇಟೆಯಿಂದ ಒಂದು ಚಿನ್ನದ ನಾಣ್ಯ ತಂದಿದ್ದರು. ಅಜ್ಜಿ ಅದಕ್ಕೆ ಕೊಂಡಿ ಹಾಕಿಸಿ ಪದಕವಾಗಿ ಧರಿಸುತ್ತಿದ್ದರು. 1963ರ ಮದುವೆ ಫೋಟೊ ಒಂದರಲ್ಲಿ ಅದು ಕಾಣುತ್ತದೆ. ಈಗ ಕೊಂಡಿ ಇಲ್ಲ, ಅಂಚಿನಲ್ಲಿ ಬೆಸುಗೆಯ ಗುರುತಿದೆ. ತೂಕ 8.53 ಗ್ರಾಂ, ಅಗಲ 18 ಮಿಲಿಮೀಟರ್. ಒಂದು ಕಡೆ ಶಿರಸ್ತ್ರಾಣ ತೊಟ್ಟ ಮುಖ, ಇನ್ನೊಂದು ಕಡೆ ರೆಕ್ಕೆಯಿರುವ ಹೆಣ್ಣು, ಪಕ್ಕದಲ್ಲಿ ಗ್ರೀಕ್ ಅಕ್ಷರ. ಇಲ್ಲಿಯ ಆಭರಣದಂಗಡಿಯವರು ಮೆಷಿನ್‌ನಲ್ಲಿಟ್ಟು ನೋಡಿ, ‘22 ಕ್ಯಾರಟ್ ಇದೆ, ಹಳೆಯ ನಾಣ್ಯವೇನಲ್ಲ, ಕರಗಿಸಿ ಬಳೆ ಮಾಡಿಸಿ’ ಎಂದರು. ಇಂಟರ್ನೆಟ್‌ನಲ್ಲಿ ಒಬ್ಬರು ‘ಇದು ಅಲೆಕ್ಸಾಂಡರನ ಮುಖ, ಕೋಟಿ ಬಾಳುತ್ತದೆ’ ಎನ್ನುತ್ತಾರೆ. ದುಬೈಯಲ್ಲಿರುವ ಮಗ ಅಲ್ಲಿಗೆ ಒಯ್ದು ತೋರಿಸುತ್ತೇನೆ ಎನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಮೂವರ ಮಾತನ್ನೂ ಕೇಳಬೇಡಿ. ಕರಗಿಸಬೇಡಿ, ಕೋಟಿಯ ಲೆಕ್ಕ ಹಾಕಬೇಡಿ, ಮಗನ ಕೈಗೆ ಕೊಟ್ಟು ವಿಮಾನ ಹತ್ತಿಸಬೇಡಿ. ಈ ಮೂರರಲ್ಲಿ ಕೊನೆಯದೇ ಹೆಚ್ಚು ಅಪಾಯದ್ದು. ಕಾರಣ ಮುಂದೆ ಹೇಳುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಹೆಣೆದುಕೊಂಡಿವೆ: ಇದು ಯಾರ ನಾಣ್ಯ, ಇದು ಆ ಕಾಲದ್ದೇ ಹೌದೇ, ಹೌದಾದರೆ ಮಾಡುವುದೇನು. ಒಂದೊಂದಾಗಿ ಬಿಡಿಸೋಣ.

ಮೊದಲು ಮುಖದ ವಿಷಯ. ನೀವು ವರ್ಣಿಸಿರುವ ಮಾದರಿ ಮ್ಯಾಸಿಡೋನಿಯದ ಮೂರನೇ ಅಲೆಕ್ಸಾಂಡರನ, ಅಂದರೆ ನಾವೆಲ್ಲ ಬಲ್ಲ ಅಲೆಕ್ಸಾಂಡರನ, ‘ಸ್ಟೇಟರ್’ ಎಂಬ ಚಿನ್ನದ ನಾಣ್ಯದ್ದು. ಆದರೆ ಶಿರಸ್ತ್ರಾಣ ತೊಟ್ಟ ಮುಖ ಅವನದಲ್ಲ, ಅಥೀನಾ ದೇವಿಯದು. ಶಿರಸ್ತ್ರಾಣದ ಬಟ್ಟಲಿನ ಮೇಲೆ ಸುರುಳಿ ಸುತ್ತಿದ ಹಾವೋ, ಹದ್ದಿನ ತಲೆಯ ಸಿಂಹವೋ ಇದೆಯೇ ನೋಡಿ. ಹಿಂಬದಿಯ ರೆಕ್ಕೆಯ ಹೆಣ್ಣು ನೈಕೀ, ವಿಜಯದ ದೇವತೆ. ಮುಂದೆ ಚಾಚಿದ ಕೈಯಲ್ಲಿ ಮಾಲೆ, ಇನ್ನೊಂದು ಕೈಯಲ್ಲಿ ಶಿಲುಬೆಯಂತೆ ಕಾಣುವ ಕೋಲು. ಅದನ್ನು ಶಿಲುಬೆ ಎಂದುಕೊಂಡು ಇದು ಕ್ರೈಸ್ತ ಪದಕವೆಂದು ತಳ್ಳಿಹಾಕಿದವರೂ ಇದ್ದಾರೆ. ಅದು ‘ಸ್ಟೈಲಿಸ್’, ಯುದ್ಧದ ಹಡಗಿನ ಹಿಂಭಾಗದಲ್ಲಿ ನೆಡುತ್ತಿದ್ದ ಲಾಂಛನದ ಕಂಬ. ಅಕ್ಷರಗಳು ‘ಅಲೆಕ್ಸಾಂಡ್ರೂ’ ಎಂದಿರಬೇಕು. ಅರ್ಥ ‘ಅಲೆಕ್ಸಾಂಡರನ’, ಅಂದರೆ ಅವನ ನಾಣ್ಯ.

ಅಲೆಕ್ಸಾಂಡರನ ಮುಖವನ್ನೇ ಚಿನ್ನದಲ್ಲಿ ನೋಡಬೇಕೆಂದರೆ ಅವನು ಸತ್ತ ನಂತರದ ದೊರೆಗಳ ನಾಣ್ಯಗಳತ್ತ ಹೋಗಬೇಕು. ಥ್ರೇಸನ್ನು ಆಳಿದ ಅವನ ಸೇನಾನಿ ಲೈಸಿಮಾಕಸ್ ಹೊಡೆಸಿದ ಸ್ಟೇಟರ್‌ನಲ್ಲಿ ಅಲೆಕ್ಸಾಂಡರನ ತಲೆಯಿದೆ, ಕಿವಿಯ ಬಳಿ ಅಮ್ಮನ್ ದೇವರ ಟಗರಿನ ಕೊಂಬು ಸುತ್ತಿಕೊಂಡಿದೆ. ಈಜಿಪ್ಟಿನಲ್ಲಿ ಮೊದಲನೇ ಟಾಲೆಮಿ ಇನ್ನೂ ಮುಂದೆ ಹೋದ: ಬದುಕಿರುವಾಗಲೇ ಚಿನ್ನದ ಮೇಲೆ ತನ್ನದೇ ಮುಖ ಕೆತ್ತಿಸಿ, ಹಿಂಬದಿಯಲ್ಲಿ ನಾಲ್ಕು ಆನೆಗಳ ರಥದ ಮೇಲೆ ಅಲೆಕ್ಸಾಂಡರನನ್ನು ನಿಲ್ಲಿಸಿದ. ಅಲೆಕ್ಸಾಂಡರನಿಗಾದರೋ ತನ್ನ ಮುಖಕ್ಕಿಂತ ಅಥೀನಾಳ ಮುಖ ಉಪಯೋಗಕ್ಕೆ ಬಂತು. ಗ್ರೀಕರ ಪರವಾಗಿ ಪರ್ಷಿಯದ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟವನು ತಾನು ಎಂದು ಅವನು ಹೇಳಿಕೊಂಡಿದ್ದ. ಹಡಗಿನ ಕಂಬ ಹಿಡಿದ ನೈಕೀಯಲ್ಲಿ ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದ ಕ್ರಿ.ಪೂ. 480ರ ಸಲಾಮಿಸ್ ಸಮುದ್ರಯುದ್ಧದ ನೆನಪನ್ನು ಹಲವು ವಿದ್ವಾಂಸರು ಕಾಣುತ್ತಾರೆ.

ಇಲ್ಲೊಂದು ಮಾತು ಮುಖ್ಯ. ನಾಣ್ಯದ ಮೇಲೆ ಅಲೆಕ್ಸಾಂಡರನ ಹೆಸರಿದ್ದ ಮಾತ್ರಕ್ಕೆ ಅವನು ಬದುಕಿದ್ದಾಗ ಹೊಡೆದದ್ದು ಎಂದಲ್ಲ. ಅವನು ಕ್ರಿ.ಪೂ. 323ರಲ್ಲಿ ಬ್ಯಾಬಿಲೋನ್‌ನಲ್ಲಿ ಸತ್ತ. ಆಮೇಲೆ ಅವನ ಮಲಸಹೋದರ ಮೂರನೇ ಫಿಲಿಪ್ ಇದೇ ಚಿತ್ರಗಳನ್ನು ಉಳಿಸಿಕೊಂಡು ಕೆಲವು ಕಡೆ ‘ಫಿಲಿಪ್ಪೂ’ ಎಂದು ಬರೆಸಿದ. ಆಂಟಿಗೋನಸ್, ಸೆಲ್ಯೂಕಸ್ ಮುಂತಾದ ಸೇನಾನಿಗಳು ತಮ್ಮ ಹೆಸರು ಹಾಕುವ ಧೈರ್ಯ ಬರುವವರೆಗೂ ಸತ್ತವನ ಹೆಸರಿನಲ್ಲೇ ನಾಣ್ಯ ಹೊಡೆಸಿದರು. ಕೂಲಿ ಸೈನಿಕ ನಂಬುತ್ತಿದ್ದದ್ದು ಆ ಹೆಸರನ್ನು. ಯಾರ ಕಾಲ, ಯಾವ ಕಮ್ಮಟ ಎಂದು ಹೇಳುವುದು ಹಿಂಬದಿಯ ಖಾಲಿ ಜಾಗದಲ್ಲಿರುವ ಸಣ್ಣ ಗುರುತುಗಳು. ತ್ರಿಶೂಲ, ಎರಡು ಹಿಡಿಯ ಪಾನಪಾತ್ರೆ, ಸಿಡಿಲು ಇದ್ದರೆ ಮ್ಯಾಸಿಡೋನಿಯದ ಆಂಫಿಪೊಲಿಸ್ ಕಡೆಯದು ಎನ್ನುತ್ತಾರೆ. ಬೆನ್ನಿಗೆ ಬೆನ್ನು ಸೇರಿದ ಎರಡು ಕುದುರೆಗಳ ಮುಂಭಾಗವಿದ್ದರೆ ಈಗಿನ ಟರ್ಕಿಯಲ್ಲಿದ್ದ ಲ್ಯಾಂಪ್ಸಕಸ್ ಊರಿನದು. ನೀವು ಮುಖವನ್ನು ವರ್ಣಿಸಿದ್ದೀರಿ, ಈ ಗುರುತನ್ನು ಬಿಟ್ಟಿದ್ದೀರಿ. ಭೂತಗನ್ನಡಿ ಹಿಡಿದು ನೈಕೀಯ ರೆಕ್ಕೆಯ ಕೆಳಗೆ, ಕಾಲಿನ ಪಕ್ಕದಲ್ಲಿ ಹುಡುಕಿ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯವರು ಮ್ಯಾಸಿಡೋನಿಯದ ಅರಸರ ನಾಣ್ಯಗಳಿಗಾಗಿ ‘ಪೆಲ್ಲಾ’ ಎಂಬ ಉಚಿತ ಆನ್‌ಲೈನ್ ಕೋಶ ಇಟ್ಟಿದ್ದಾರೆ. ಗುರುತು ಗೊತ್ತಾದರೆ ಅಲ್ಲಿ ಅದೇ ಬಗೆಯ ಅಸಲಿ ನಾಣ್ಯಗಳ ಚಿತ್ರ ಸಿಗುತ್ತದೆ.

ಈಗ ನಿಜವಾದ ತೊಡಕಿಗೆ ಬರೋಣ: 22 ಕ್ಯಾರಟ್.

ಅಂಗಡಿಯವರು ‘22 ಕ್ಯಾರಟ್, ಆದ್ದರಿಂದ ಹಳೆಯದಲ್ಲ’ ಎಂದದ್ದನ್ನು ನೀವು ಅವರ ಅಜ್ಞಾನ ಎಂದುಕೊಂಡಂತಿದೆ. ಹಾಗಲ್ಲ, ಆ ಮಾತಿನಲ್ಲಿ ತೂಕವಿದೆ. ಅಲೆಕ್ಸಾಂಡರನ ಸ್ಟೇಟರ್‌ಗಳ ಚಿನ್ನ ಸಾಮಾನ್ಯವಾಗಿ ಶೇಕಡಾ 98ಕ್ಕಿಂತ ಮೇಲಿರುತ್ತದೆ. ಎರಡು ಸಾವಿರದ ಮುನ್ನೂರು ವರ್ಷದ ಹಿಂದೆ ಅಷ್ಟು ಶುದ್ಧ ಮಾಡುವುದು ಹೇಗೆ ಸಾಧ್ಯ ಎಂದು ಅನ್ನಿಸಬಹುದು. ಅದಕ್ಕೂ ಇನ್ನೂರು ವರ್ಷ ಮೊದಲೇ, ಈಗಿನ ಟರ್ಕಿಯಲ್ಲಿದ್ದ ಲಿಡಿಯದ ರಾಜಧಾನಿ ಸಾರ್ಡಿಸ್‌ನಲ್ಲಿ ಆ ವಿದ್ಯೆ ಸಿದ್ಧಿಸಿತ್ತು. ಪ್ಯಾಕ್ಟೋಲಸ್ ಹೊಳೆಯ ದಡದಲ್ಲಿ ಅಗೆದಾಗ ಶುದ್ಧೀಕರಣದ ಕುಲುಮೆಗಳೇ ಸಿಕ್ಕಿವೆ. ಚಿನ್ನವನ್ನು ತೆಳು ತಗಡು ಮಾಡಿ, ಉಪ್ಪಿನೊಂದಿಗೆ ಮಣ್ಣಿನ ಪಾತ್ರೆಯಲ್ಲಿ ಪದರ ಪದರವಾಗಿ ಇಟ್ಟು, ಕರಗದಷ್ಟೇ ಕಾವಿನಲ್ಲಿ ದೀರ್ಘಕಾಲ ಸುಡುತ್ತಿದ್ದರು. ಬೆಳ್ಳಿ ಉಪ್ಪಿನೊಂದಿಗೆ ಕೂಡಿ ಹೊರಹೋಗಿ ಪಾತ್ರೆಯ ಮಣ್ಣಿಗೆ ಇಂಗುತ್ತಿತ್ತು, ಚಿನ್ನ ಉಳಿಯುತ್ತಿತ್ತು. ನಮ್ಮ ಅಕ್ಕಸಾಲಿಗರು ಪುಟ ಹಾಕುವುದು ಎನ್ನುವುದರ ಹತ್ತಿರದ ನೆಂಟ ಈ ವಿಧಾನ. ಹೀಗೆ ಶುದ್ಧವಾದ ಚಿನ್ನದಲ್ಲೇ ಲಿಡಿಯದ ದೊರೆ ಕ್ರೀಸಸ್, ಸಿಂಹ ಮತ್ತು ಗೂಳಿ ಎದುರುಬದುರಾಗಿರುವ ತನ್ನ ನಾಣ್ಯ ಹೊಡೆಸಿದ್ದು, ಸರಿಸುಮಾರು ಕ್ರಿ.ಪೂ. 550ರ ಆಸುಪಾಸು. ಆಮೇಲೆ ಅಲೆಕ್ಸಾಂಡರನ ತಂದೆ ಎರಡನೇ ಫಿಲಿಪ್ ಪ್ಯಾಂಗೇಯನ್ ಬೆಟ್ಟದ ಗಣಿಗಳನ್ನು ಹಿಡಿದ. ಅಲ್ಲಿಂದ ವರ್ಷಕ್ಕೆ 1,000 ಟ್ಯಾಲೆಂಟ್‌ಗೂ ಮಿಗಿಲಾದ ಆದಾಯ ಬರುತ್ತಿತ್ತು ಎಂದು ಪ್ರಾಚೀನ ಇತಿಹಾಸಕಾರ ಡಯೋಡೋರಸ್ ಬರೆಯುತ್ತಾನೆ. ಒಂದು ಟ್ಯಾಲೆಂಟ್ ಎಂದರೆ ಸುಮಾರು 26 ಕಿಲೋ ಬೆಳ್ಳಿಯ ಬೆಲೆ. ಮಗನಿಗೆ ಅದರ ಮೇಲೆ ಪರ್ಷಿಯದ ಖಜಾನೆಯೂ ದಕ್ಕಿತು. ಹಾಗಾಗಿ ಈ ದೊರೆಗಳಿಗೆ ಚಿನ್ನದಲ್ಲಿ ತಾಮ್ರ ಬೆರೆಸುವ ಅಗತ್ಯವೇ ಇರಲಿಲ್ಲ.

22 ಕ್ಯಾರಟ್ ಎಂದರೆ ಶೇಕಡಾ 91.67. ಅದು ಬ್ರಿಟಿಷ್ ಸವರನ್ನಿನ ಶುದ್ಧತೆ. ನಮ್ಮ ಕರಾವಳಿಯಲ್ಲಿ ಇಂದಿಗೂ ‘ಪವನ್’ ಎಂದು ಎಣಿಸುವುದು ಅದೇ ಸವರನ್ನಿನ 8 ಗ್ರಾಂ ಲೆಕ್ಕ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಬೈರೂತ್ ನಕಲಿ ಚಿನ್ನದ ನಾಣ್ಯಗಳಿಗೆ ಹೆಸರಾದ ಊರು. ಸವರನ್‌ಗಳ ಜೊತೆಗೆ ಪ್ರಾಚೀನ ನಾಣ್ಯಗಳನ್ನೂ ಅಲ್ಲಿ ಅಚ್ಚಿಳಿಸುತ್ತಿದ್ದರು. ಚಿನ್ನ ನಿಜವಾದದ್ದೇ ಇರುತ್ತಿತ್ತು, ಹಳೆತನ ಮಾತ್ರ ಸುಳ್ಳು. ಊರು, ಕಾಲ, ಶುದ್ಧತೆ ಮೂರೂ ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತಿವೆ ಎನ್ನುವುದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ.

ಆದರೂ ತೀರ್ಪು ಕೊಡುವಷ್ಟು ಆಧಾರ ಇನ್ನೂ ಇಲ್ಲ. ಅಂಗಡಿಯ ಕ್ಯಾರಟ್ ಮೀಟರ್ ಎಕ್ಸ್‌ರೇ ಹಾಯಿಸಿ ನೋಡುವುದು ಮೇಲ್ಮೈಯನ್ನು, ಅದೂ ಒಂದು ಕೂದಲಿನ ದಪ್ಪಕ್ಕಿಂತ ಕಡಿಮೆ ಆಳವನ್ನು. ನಾಣ್ಯವನ್ನು ಬೆಸುಗೆಯ ಜಾಗದ ಹತ್ತಿರ ಇಟ್ಟಿದ್ದರೆ, ಬೆಸುಗೆಯ ತಾಮ್ರ, ಬೆಳ್ಳಿ, ಸತುಗಳೆಲ್ಲ ಲೆಕ್ಕಕ್ಕೆ ಸೇರಿ ಶುದ್ಧ ಚಿನ್ನವೂ 22 ಕ್ಯಾರಟ್ ಎಂದು ಕಾಣಬಹುದು. ಅದೇ ಅಂಗಡಿಗೆ ಮತ್ತೆ ಹೋಗಿ. ಬೆಸುಗೆಯಿಂದ ಆದಷ್ಟು ದೂರದಲ್ಲಿ ಎರಡೂ ಮುಖಗಳ ಮೇಲೆ ಒಟ್ಟು ನಾಲ್ಕು ಕಡೆ ಅಳೆಸಿ. ಬರೇ ಕ್ಯಾರಟ್ ಸಂಖ್ಯೆ ಸಾಲದು, ಯಾವ ಲೋಹ ಎಷ್ಟು ಶೇಕಡಾ ಎಂಬ ಪೂರ್ತಿ ಪಟ್ಟಿಯನ್ನು ಮುದ್ರಿಸಿ ಕೊಡಲು ಹೇಳಿ. ಬೆಸುಗೆಯಿಂದ ದೂರ ಹೋದಂತೆ ಚಿನ್ನದ ಪ್ರಮಾಣ 98ರ ಕಡೆಗೆ ಏರಿದರೆ ಆಸೆಗೆ ಜಾಗವಿದೆ. ಎಲ್ಲ ಕಡೆಯೂ 91, 92 ಎಂದೇ ಬಂದು, ಉಳಿದದ್ದು ಬಹುಪಾಲು ತಾಮ್ರವಾಗಿದ್ದರೆ ಅದು ಅಲೆಕ್ಸಾಂಡರನದಲ್ಲ. 99.9 ಎಂದು ಬಂದರೂ ಎಚ್ಚರವಿರಲಿ; ಇಂದಿನ ಬಿಸ್ಕತ್ ಚಿನ್ನ ಅಷ್ಟು ಶುದ್ಧ. ಪ್ರಾಚೀನ ಚಿನ್ನದಲ್ಲಿ ಸ್ವಲ್ಪ ಬೆಳ್ಳಿ, ಅತ್ಯಲ್ಪ ತಾಮ್ರ ಉಳಿದೇ ಇರುತ್ತದೆ. ಹೊಳೆಯ ಮರಳಿನಿಂದ ತೆಗೆದ ಚಿನ್ನವಾದರೆ, ಕರಗದೆ ಉಳಿದ ಆಸ್ಮಿಯಂ-ಇರಿಡಿಯಂನ ಬೆಳ್ಳಗಿನ ಸೂಜಿಮೊನೆಯಷ್ಟು ಚುಕ್ಕೆಗಳು ಭೂತಗನ್ನಡಿಗೆ ಕಾಣುವುದೂ ಉಂಟು.

ಒಳಗಿನ ಚಿನ್ನವನ್ನು ಪರೀಕ್ಷಿಸಲು ನೀರೇ ಸಾಕು. ಆಭರಣದಂಗಡಿಯಲ್ಲಿ ಒಂದು ಮಿಲಿಗ್ರಾಂವರೆಗೆ ತೋರಿಸುವ ತಕ್ಕಡಿ ಇರುತ್ತದೆ. ಅದರ ಮೇಲೆ ಸಣ್ಣ ಗಾಜಿನ ಲೋಟದಲ್ಲಿ ಡಿಸ್ಟಿಲ್ಡ್ ವಾಟರ್ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ನೈಲಾನ್ ದಾರದ ಕುಣಿಕೆಯಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ದಾರವನ್ನು ಕೈಯಲ್ಲಿ ಹಿಡಿದರೆ ನಡುಗುತ್ತದೆ, ಒಂದು ಸ್ಟ್ಯಾಂಡಿಗೆ ಕಟ್ಟುವುದು ಮೇಲು. ಗಾಳಿಯ ಗುಳ್ಳೆ ಅಂಟಿಕೊಂಡರೆ ಲೆಕ್ಕ ಕೆಡುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದರೆ ಗುಳ್ಳೆ ನಿಲ್ಲದು. ಆಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ನಿಮ್ಮ 8.53 ಗ್ರಾಂಗೆ, ಶುದ್ಧತೆ 98-99 ಇದ್ದರೆ ತಕ್ಕಡಿಯಲ್ಲಿ ಸುಮಾರು 0.445ರಿಂದ 0.45 ಗ್ರಾಂ ಕಾಣಬೇಕು. 22 ಕ್ಯಾರಟ್ ಆಗಿದ್ದರೆ 0.475ರಿಂದ 0.485. ವ್ಯತ್ಯಾಸ 30 ಮಿಲಿಗ್ರಾಂನಷ್ಟೇ, ಆದ್ದರಿಂದ ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಬೆಸುಗೆಯ ಚೂರು ಉಳಿದಿದ್ದರೆ ಉತ್ತರ ಸ್ವಲ್ಪ 22ರ ಕಡೆಗೆ ವಾಲುತ್ತದೆ ಎಂಬುದು ನೆನಪಿರಲಿ.

ಒರೆಗಲ್ಲಿಗೆ ಮಾತ್ರ ತಿಕ್ಕಲು ಬಿಡಬೇಡಿ. ಅಂಗಡಿಯವರು ಅಭ್ಯಾಸಬಲದಿಂದ ಕೈಗೆತ್ತಿಕೊಳ್ಳುತ್ತಾರೆ. ಒಂದೇ ಒಂದು ಗೆರೆ ಎಳೆದರೂ ಅಂಚಿನ ಮೂಲ ಮೇಲ್ಮೈ ಹೋಯಿತು, ಮತ್ತೆ ಬಾರದು. ಹುಣಸೆಹಣ್ಣು, ಅಂಟುವಾಳ, ಪಾಲಿಶ್ ಯಾವುದೂ ಬೇಡ. ಇಷ್ಟು ಶುದ್ಧ ಚಿನ್ನ ಕಿಲುಬುವುದಿಲ್ಲ, ತೊಳೆದು ಪಡೆಯುವಂಥದ್ದು ಏನೂ ಇಲ್ಲ. ಮೃದುವಾದ್ದರಿಂದ ಬಟ್ಟೆಯ ಒರಸೂ ಕೂದಲೆಳೆಯ ಗೀರು ಬಿಡುತ್ತದೆ.

ತೂಕ, ಅಗಲದ ಬಗ್ಗೆ: ಎರಡೂ ಸರಿಯಾಗಿವೆ. ಅಟಿಕ್, ಅಂದರೆ ಅಥೆನ್ಸಿನ, ತೂಕದ ಸ್ಟೇಟರ್ 8.6 ಗ್ರಾಂ ಸುತ್ತಮುತ್ತ. ನಮ್ಮ ವಿಜಯನಗರದ ವರಾಹದ ಎರಡೂವರೆಯಷ್ಟು. ಕೊರಳಲ್ಲಿ ವರ್ಷಗಟ್ಟಲೆ ಸವೆದು 8.53 ಆಗುವುದು ಸಹಜ. ಆದರೆ ಇದನ್ನು ಸಾಕ್ಷಿ ಎಂದುಕೊಳ್ಳಬೇಡಿ. ಪುಸ್ತಕದಲ್ಲಿರುವ ತೂಕವನ್ನು ಒಳ್ಳೆಯ ನಕಲಿಗಾರ ತಪ್ಪಿಸುವುದಿಲ್ಲ.

ಶುದ್ಧತೆಯ ಪರೀಕ್ಷೆ ಪಾಸಾದರೂ ಕೆಲಸ ಮುಗಿಯದು, ಏಕೆಂದರೆ ನಿಜವಾದ ಶುದ್ಧ ಚಿನ್ನದಲ್ಲೂ ನಕಲಿ ಮಾಡುತ್ತಾರೆ. ಜರ್ಮನಿಯ ಕಾರ್ಲ್ ವಿಲ್‌ಹೆಲ್ಮ್ ಬೆಕರ್ (1772-1830) ಇದರಲ್ಲಿ ಕುಖ್ಯಾತ. ಅವನು ಎರಕ ಹೊಯ್ಯುತ್ತಿರಲಿಲ್ಲ. ಪ್ರಾಚೀನರಂತೆಯೇ ಉಕ್ಕಿನ ಅಚ್ಚು ಕೈಯಲ್ಲಿ ಕೆತ್ತಿ ಹೊಡೆಯುತ್ತಿದ್ದ. ಹೊಸ ಹೊಳಪು ಹೋಗಲೆಂದು ನಾಣ್ಯಗಳನ್ನು ಕಬ್ಬಿಣದ ಪುಡಿ, ಜಿಡ್ಡಿನ ಜೊತೆ ಪೆಟ್ಟಿಗೆಯಲ್ಲಿ ಹಾಕಿ ತನ್ನ ಕುದುರೆಗಾಡಿಗೆ ಕಟ್ಟಿ ಓಡಾಡಿಸುತ್ತಿದ್ದ. ಅವನ ಅಚ್ಚುಗಳು ಈಗ ಬರ್ಲಿನ್ ಮ್ಯೂಸಿಯಂನಲ್ಲಿವೆ; ಆದ್ದರಿಂದಲೇ ಅವನ ನಕಲಿಗಳನ್ನು ಇಂದು ಗುರುತಿಸಬಹುದು.

ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಬೇಕಾದದ್ದು ಇಷ್ಟು. ಪ್ರಾಚೀನ ನಾಣ್ಯ ಸುತ್ತಿಗೆಯ ಒಂದೆರಡು ಏಟಿಗೆ ಮೂಡಿದ್ದು; ಆ ಒತ್ತಡಕ್ಕೆ ಲೋಹ ಹೊರಗಡೆಗೆ ಹರಿದ ಸೂಕ್ಷ್ಮ ಗೆರೆಗಳು ಅಂಚಿನತ್ತ ಕಿರಣದಂತೆ ಹೋಗಿರುತ್ತವೆ. ಅಕ್ಷರದ ಬುಡ ಚೂಪಾಗಿ ನಾಣ್ಯದ ಸಮತಟ್ಟಾದ ನೆಲದಿಂದ ಮೇಲೇಳುತ್ತದೆ. ಅಂಚು ಪೂರ್ತಿ ದುಂಡಗಿರದು, ಕೆಲವೊಮ್ಮೆ ಸಣ್ಣ ಬಿರುಕೂ ಇರುತ್ತದೆ. ಎರಕದ ನಕಲಿಯಲ್ಲಿ ಎಲ್ಲವೂ ಸಾಬೂನು ಕರಗಿದಂತೆ ಮೆತ್ತಗಿರುತ್ತದೆ: ಅಕ್ಷರದ ಬುಡ ದುಂಡು, ನೆಲದಲ್ಲಿ ಗುಳ್ಳೆಯ ಕುಳಿಗಳು, ಮೂಲೆಗಳಲ್ಲಿ ಸಾಸಿವೆಗಿಂತ ಚಿಕ್ಕ ಗುಂಡು ಉಬ್ಬುಗಳು, ಅಂಚಿನ ಸುತ್ತ ಅರದಿಂದ ತಿಕ್ಕಿ ಅಳಿಸಿದ ಸೇರುಗೆರೆ. ನಿಮ್ಮಲ್ಲಿ ಕೊಂಡಿ ತೆಗೆದ ಜಾಗದಲ್ಲೂ ಅರದ ಗುರುತು ಇರುತ್ತದೆ, ಅದನ್ನು ಇದರೊಂದಿಗೆ ಬೆರೆಸಬೇಡಿ. ಅದು ಒಂದೇ ಕಡೆ ಇರಬೇಕು, ಸುತ್ತಲೂ ಇದ್ದರೆ ಸಂಶಯ. ಅಸಲಿ ನಾಣ್ಯದಿಂದಲೇ ಅಚ್ಚು ತೆಗೆದು ಯಂತ್ರದಲ್ಲಿ ಒತ್ತಿದ ನಕಲಿ ಇನ್ನೂ ಕಷ್ಟದ್ದು. ಅದನ್ನು ಹಿಡಿಯುವುದು ಹೋಲಿಕೆಯಿಂದ: ಅಚ್ಚಿನ ಚಿತ್ರ ಎರಡು ನಾಣ್ಯಗಳಲ್ಲಿ ಒಂದೇ ಇರಬಹುದು, ಆದರೆ ಆಕಸ್ಮಿಕವಾದ ಗೀರು, ತಗ್ಗು ಎರಡರಲ್ಲೂ ಒಂದೇ ಜಾಗದಲ್ಲಿದ್ದರೆ ಒಂದಾದರೂ ನಕಲಿ. ಈ ಕೊನೆಯ ಹಂತವನ್ನು ಸಾವಿರಾರು ನಾಣ್ಯ ನೋಡಿದ ಕಣ್ಣೇ ಮಾಡಬೇಕು.

ಆ ಕಣ್ಣಿಗೆ ತೋರಿಸುವುದು ಹೇಗೆ? ಫೋಟೊ ಮೂಲಕ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಯಾವ ನಾಣ್ಯವೂ ಪ್ರಾಚ್ಯವಸ್ತು. ಅದು ಗ್ರೀಸಿನದೋ ಗಂಗರದೋ ಎಂಬ ಭೇದ ಕಾಯ್ದೆಗಿಲ್ಲ, ಅಜ್ಜ ಹೊರಗಿನಿಂದ ತಂದರು ಎಂಬುದೂ ವಿನಾಯಿತಿಯಲ್ಲ. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ, ಕಳುಹಿಸುವಂತಿಲ್ಲ. ‘ತೋರಿಸಿ ವಾಪಸ್ ತರುತ್ತೇನೆ’ ಎಂದರೂ ಅದು ರಫ್ತೇ. ತಪ್ಪಿದರೆ 6 ತಿಂಗಳಿಂದ 3 ವರ್ಷದವರೆಗೆ ಸೆರೆ ಮತ್ತು ದಂಡ. ನಾಣ್ಯದ ಅಸಲಿತನ, ಸ್ಥಿತಿ ನೋಡಿ ದರ್ಜೆ ಕೊಡುವ ವಿದೇಶದ ಗ್ರೇಡಿಂಗ್ ಕಂಪನಿಗಳಿಗೆ ಕೊರಿಯರ್ ಮಾಡುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ನಿಮ್ಮ ಮಗ ವಿಮಾನ ನಿಲ್ದಾಣದಲ್ಲಿ ‘ಇದು ನಕಲಿ’ ಎಂದು ವಾದಿಸಲೂ ಭಾರತೀಯ ಪುರಾತತ್ವ ಸರ್ವೇಕ್ಷಣೆ ಕೊಡುವ, ‘ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರ ಬೇಕಾಗುತ್ತದೆ. ದೇಶದೊಳಗೂ ಪ್ರಾಚ್ಯವಸ್ತುಗಳ ವ್ಯಾಪಾರ ಮಾಡುವವರು ಪರವಾನಗಿ ಪಡೆದಿರಬೇಕು. ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವಲ್ಲ. ನೆಲದಲ್ಲಿ ಸಿಕ್ಕ ನಿಧಿಯ ಕಾನೂನು ಬೇರೆ. ಪೇಟೆಯಲ್ಲಿ ಕೊಂಡ ನಿಮ್ಮ ನಾಣ್ಯಕ್ಕೆ ಅದು ತಗಲುವುದಿಲ್ಲ.

ಹಾಗಾದರೆ ಕೋಟಿಯ ಮಾತು? ಅಲೆಕ್ಸಾಂಡರನ ಹೆಸರಿನ ಸ್ಟೇಟರ್ ಪ್ರಾಚೀನ ಗ್ರೀಕ್ ಚಿನ್ನದಲ್ಲಿ ಅತ್ಯಂತ ಹೆಚ್ಚು ಉಳಿದಿರುವ ಬಗೆಗಳಲ್ಲೊಂದು. ಹತ್ತಾರು ಕಮ್ಮಟಗಳು ದಶಕಗಟ್ಟಲೆ ಹೊಡೆದವು. ಯುರೋಪ್, ಅಮೆರಿಕದ ಹರಾಜುಗಳಲ್ಲಿ ಸಾಮಾನ್ಯ ಕಮ್ಮಟದ ಒಳ್ಳೆಯ ನಾಣ್ಯ ಕೆಲವು ಸಾವಿರ ಡಾಲರಿಗೆ ಹೋಗುತ್ತದೆ. ಕೊಂಡಿ ಬೆಸೆದು ತೆಗೆದದ್ದಕ್ಕೆ ಬೆಲೆ ಬಹಳ ಇಳಿಯುತ್ತದೆ. ಅದೂ ಹೊರಗಿನ ಬೆಲೆ, ಹೊರಗೆ ಒಯ್ಯಲಾಗದ ನಾಣ್ಯಕ್ಕೆ ಸಿಗುವ ಬೆಲೆಯಲ್ಲ. ಕೋಟಿಗಳ ಸುದ್ದಿ ಬರುವುದು ಬೇರೆಯೇ ನಾಣ್ಯಗಳಿಂದ. ಕಪ್ಪು ಸಮುದ್ರದ ದಡದ ಪ್ಯಾಂಟಿಕಪಿಯಂ ಊರಿನ, ಗಡ್ಡದ ವನದೇವತೆಯ ಮುಖವಿರುವ ಸ್ಟೇಟರ್ ಒಂದು 2012ರಲ್ಲಿ ನ್ಯೂಯಾರ್ಕ್‌ನಲ್ಲಿ 32.5 ಲಕ್ಷ ಡಾಲರಿನ ಕೂಗಿಗೆ ಹೋಯಿತು. ಮ್ಯಾಸಿಡೋನಿಯದ ದೊರೆಯನ್ನು ಸೋಲಿಸಿದ ರೋಮನ್ ಸೇನಾನಿ ಫ್ಲಮಿನಿನಸ್‌ನ ಮುಖವಿರುವ ಸ್ಟೇಟರ್‌ಗಳು ಲೋಕದಲ್ಲಿ ಹತ್ತರ ಆಸುಪಾಸಿನಲ್ಲಿವೆ. ಇನ್ನು ಈಗಿನ ಅಫ್ಘಾನಿಸ್ತಾನದ ಕಡೆಯ ಬ್ಯಾಕ್ಟ್ರಿಯದ ಯವನ ದೊರೆ ಯೂಕ್ರಟೈಡೀಸ್‌ನದು ಒಂಟಿ ನಾಣ್ಯ: 20 ಸ್ಟೇಟರ್ ಬೆಲೆಯದು, 169.2 ಗ್ರಾಂ, 58 ಮಿಲಿಮೀಟರ್ ಅಗಲ. ಪ್ರಾಚೀನ ಜಗತ್ತಿನಿಂದ ಉಳಿದ ಅತಿ ದೊಡ್ಡ ಚಿನ್ನದ ನಾಣ್ಯ. ಗೂಳಿಯ ಕೊಂಬು, ಕಿವಿ ಇರುವ ಶಿರಸ್ತ್ರಾಣ ತೊಟ್ಟು ಅವನು ನೋಡುತ್ತಾನೆ. ಹಿಂದೆ ಅವಳಿ ದೇವತೆಗಳು ಕುದುರೆಯೇರಿ ನುಗ್ಗುತ್ತಾರೆ. ‘ಮಹಾ’ ಎಂದು ತನ್ನನ್ನು ಕರೆದುಕೊಂಡ ಆ ದೊರೆಯನ್ನು ಸ್ವಂತ ಮಗನೇ ಕೊಂದು ಹೆಣದ ರಕ್ತದ ಮೇಲೆ ರಥ ಹಾಯಿಸಿದ ಎಂದು ರೋಮನ್ ಲೇಖಕ ಜಸ್ಟಿನ್ ಬರೆದಿದ್ದಾನೆ. ಬುಖಾರದಲ್ಲಿ ಸಿಕ್ಕ ಆ ನಾಣ್ಯವನ್ನು ಮೂರನೇ ನೆಪೋಲಿಯನ್ ಕೊಂಡ, ಈಗ ಪ್ಯಾರಿಸ್‌ನಲ್ಲಿದೆ. ಅಲೆಕ್ಸಾಂಡರನ ಸ್ಟೇಟರ್ ಆ ಸಾಲಿಗೆ ಸೇರುವುದಿಲ್ಲ.

ನಿಮ್ಮ ಮುಂದಿನ ದಾರಿ ಶುದ್ಧತೆಯ ಉತ್ತರದ ಮೇಲಿದೆ. ನಕಲಿ ಎಂದು ಸ್ಪಷ್ಟವಾದರೆ ಅದು 22 ಕ್ಯಾರಟ್ ಚಿನ್ನ. ಬಳೆ ಮಾಡಿಸಲು ಅಡ್ಡಿಯಿಲ್ಲ. ಆದರೆ ನನ್ನನ್ನು ಕೇಳಿದರೆ ಅಜ್ಜಿಯ ಪದಕವಾಗಿ ಮತ್ತೆ ಕೊಂಡಿ ಹಾಕಿಸಿ ಅನ್ನುತ್ತೇನೆ. ಶುದ್ಧತೆ 98 ದಾಟಿದರೆ ಮುಂದಿನ ಹೆಜ್ಜೆ ಫೋಟೊ: ಬೆಳಕು ಒಂದು ಪಕ್ಕದಿಂದ ಓರೆಯಾಗಿ ಬೀಳುವಂತೆ ಎರಡೂ ಮುಖ, ಅಂಚನ್ನು ಸುತ್ತ ನಾಲ್ಕು ಕಡೆಯಿಂದ, ಪಕ್ಕದಲ್ಲಿ ಅಳತೆಪಟ್ಟಿ. ಅದರೊಂದಿಗೆ ಲೋಹಗಳ ಪಟ್ಟಿಯನ್ನೂ ನೀರಿನ ಪರೀಕ್ಷೆಯ ಐದು ಅಂಕಿಗಳನ್ನೂ ಸೇರಿಸಿ ಪುರಾತತ್ವ ಸರ್ವೇಕ್ಷಣೆಯ ಬೆಂಗಳೂರು ಕಚೇರಿಗೆ ಬರೆಯಿರಿ; ನಾಣ್ಯಶಾಸ್ತ್ರ ಬಲ್ಲ ಪ್ರಾಧ್ಯಾಪಕರಿಗೂ ಕಳುಹಿಸಿ. ನಾಣ್ಯವನ್ನು ಪಿವಿಸಿ ಆಲ್ಬಂನಲ್ಲಿ ಇಡಬೇಡಿ, ಕಾಲಕ್ರಮೇಣ ಅಂಟು ಬಿಡುತ್ತದೆ. ಅಕ್ರಿಲಿಕ್ ಡಬ್ಬಿ ಸಾಕು.

ಅಜ್ಜನ ಹಡಗಿನ ಸೇವಾ ಪುಸ್ತಕ, ಪಾಸ್‌ಪೋರ್ಟ್ ಯಾವ ಪೆಟ್ಟಿಗೆಯಲ್ಲಿದ್ದರೂ ಹುಡುಕಿ ತೆಗೆಯಿರಿ. ಪ್ರಾಚೀನ ವಸ್ತುಗಳ ಕಳ್ಳಸಾಗಣೆ ವಿರುದ್ಧ ಯುನೆಸ್ಕೋ ಒಪ್ಪಂದವಾದದ್ದು 1970ರಲ್ಲಿ. ವಸ್ತು ಅದಕ್ಕೂ ಮೊದಲೇ ಯಾರ ಕೈಯಲ್ಲಿತ್ತು ಎಂಬುದಕ್ಕೆ ಪುರಾವೆ ಇದೆಯೇ ಎಂದೇ ಲೋಕದ ಮ್ಯೂಸಿಯಂಗಳು ಮೊದಲು ಕೇಳುತ್ತವೆ. ಸೀಸರನ ಕೊಲೆಯನ್ನು ಸಾರುವ ಬ್ರೂಟಸ್‌ನ ಚಿನ್ನದ ನಾಣ್ಯ 2020ರಲ್ಲಿ ಲಂಡನ್ ಹರಾಜಿನಲ್ಲಿ 27 ಲಕ್ಷ ಪೌಂಡಿಗೆ ಹೋಗಿ, ಅದರ ಹಿನ್ನೆಲೆಯ ಕಾಗದಪತ್ರ ಸುಳ್ಳೆಂದು ಬಯಲಾಗಿ 2023ರಲ್ಲಿ ಗ್ರೀಸಿಗೆ ವಾಪಸಾಯಿತು. ನಿಮ್ಮ ಬಳಿ ಸುಳ್ಳಲ್ಲದ ಒಂದು ಪುರಾವೆ ಇದೆ: 1963ರ ಮದುವೆ ಫೋಟೊ. ಅದರ ನೆಗೆಟಿವ್ ಇದ್ದರೆ ಸ್ಟುಡಿಯೊದಲ್ಲಿ ದೊಡ್ಡದಾಗಿ ಸ್ಕ್ಯಾನ್ ಮಾಡಿಸಿ, ಅಜ್ಜಿಯ ಕೊರಳ ಬಳಿಯ ಭಾಗವನ್ನು ನಾಣ್ಯದ ಫೋಟೊದ ಪಕ್ಕದಲ್ಲಿಟ್ಟು ನೋಡಿ. ನೈಕೀಯ ರೆಕ್ಕೆ ಅಲ್ಲಿ ಕಾಣುತ್ತಿದ್ದರೆ ಆ ಪ್ರತಿಯನ್ನೂ ಪತ್ರದೊಂದಿಗೆ ಕಳುಹಿಸಿ.